ಬಟ್ಟಲು ಕಸಿದುಕೊಂಡ ನರ್ಸಬಾಯಿ

ಕುದಿಯುವ ಹಂಡೆಯಿಂದ ಕೌದಿಯನ್ನು ಕೋಲಿನಲ್ಲಿ ಎತ್ತುತ್ತಿದ್ದೆ. ಬಾಜು ಮನೆಯ ಚಿಗವ್ವ ಗೋಡೆಯಾಚೆಯಿಂದ, "ನಿಮ್ಮ ನರ್ಸಬಾಯಿ ತೀರಿಕೊಂಡ್ಲಂತ್ವಾ," ಎಂದಳು. ಕೋಲು ಜಾರಿತು. ಮೊದಲು ಕಣ್ಮುಂದೆ ಬಂದದ್ದು ಆಕೆಯ ಬಲಗೈ: ಬುಡದವರೆಗೆ ಕತ್ತರಿಸಿದ ಉಗುರು, ಫಿನೈಲಿನ ವಾಸನೆ. ಒಂದು ಮಧ್ಯಾಹ್ನ ಆ ಕೈ ನನ್ನ ಕೈಯಿಂದ ಬಟ್ಟಲೊಂದನ್ನು ಕಸಿದುಕೊಂಡಿತ್ತು.

ಯರಗುಪ್ಪಿಗೆ ನಾನು ಸೊಸೆಯಾಗಿ ಬಂದು ಆಗ ಎರಡು ವರ್ಷ. ಯಜಮಾನರು ಅಣ್ಣಿಗೇರಿಯ ಅರಳೆ ಮಿಲ್ಲಿನಲ್ಲಿ ಒಂದು ತಿಂಗಳು ದುಡಿದು ಬಂದಿದ್ದರು. ಅವರು ಬಂದ ಕೆಲವು ದಿನಕ್ಕೆ ನನಗೆ ತೊಡೆಸಂದಿಯಲ್ಲಿ ತುರಿಕೆ. ಬೆಳಕಿಂಡಿಯ ಕೆಳಗೆ ನಿಂತು ನೋಡಿದರೆ ಕೂದಲ ಬುಡದಲ್ಲಿ ಏಡಿಯಂಥ ಸಣ್ಣ ಹೇನು. ಮೈ ಕೂಡಿದರೆ ಹತ್ತುವ ಹೇನಿದು ಎಂದು ಕೇಳಿದ್ದೆ. ಅತ್ತೆಗೆ ತಿಳಿದರೆ ಹಾದರಗಿತ್ತಿ ಎಂದು ತವರಿಗೆ ಅಟ್ಟುವುದು ಖರೆ. ಮೈಲಿಗೆಯ ಮೈ ಎಂದು ಹೆದರಿ ಮೂರು ದಿನ ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲಿಲ್ಲ. ಅತ್ತೆಯೆದುರು ಬರೀ ಕಣ್ಣು ಮುಚ್ಚಿ ಕೂರುತ್ತಿದ್ದೆ.

ನಮ್ಮಲ್ಲಿ ತಲೆಹೇನಿಗೆ ಹತ್ತಿಬೆಳೆಗೆ ಹೊಡೆಯುವ ವಿಷವನ್ನೇ ಕೊಬ್ಬರಿ ಎಣ್ಣೆಯಲ್ಲಿ ಕಲೆಸಿ ಹಚ್ಚುವವರಿದ್ದರು. ಎಲ್ಲರೂ ಹೊಲಕ್ಕೆ ಹೋದಾಗ ನಾನೂ ಬಟ್ಟಲಲ್ಲಿ ಕಲೆಸಿಕೊಂಡು ಬಚ್ಚಲಿಗೆ ಹೋದೆ. ಕೂಸುಗಳಿಗೆ ಸೂಜಿ ಹಾಕಲು ಓಣಿಗೆ ಬಂದಿದ್ದ ನರ್ಸಬಾಯಿ ವಾಸನೆ ಹಿಡಿದು ಒಳಗೇ ನುಗ್ಗಿದಳು.

"ಏನ್ ಬೇ ಇದು? ಹತ್ತಿ ಔಷಧ ಬಚ್ಚಲಕ್ಕ ಯಾಕ ಬಂತು? ಸಾಯಾಕ ಹೊಂಟೀಯೇನು?"

"ಇಲ್ರಿ ಅಕ್ಕಾರ... ಹೇನ್ರಿ... ಕೆಳಗ."

ಬಟ್ಟಲು ಕಸಿದು, ಹಿತ್ತಲಲ್ಲಿ ಗುಂಡಿ ತೋಡಿ ಹೂತಳು. ನನ್ನ ಕೈಯನ್ನು ತಾನೇ ಸಾಬೂನು ಹಚ್ಚಿ ತೊಳೆದಳು. "ಅಲ್ಲೆ ತೊಗಲು ಅಗದಿ ತೆಳು, ಮ್ಯಾಲೆ ಕೆರಕೊಂಡೀದಿ. ವಿಷ ನೆತ್ತರಾಗ ಇಳದ್ರ ಹೇನಿಗಿಂತ ಮೊದಲ ನೀ ಹೋಗ್ತಿ. ಹೊಟ್ಟಿ ಗಿಟ್ಟಿ ನಿಂತೈತೇನು?"

ಬಸಿರಿಲ್ಲವೆಂದೆ. ಮರುದಿನ ಡಾಕ್ಟರರನ್ನು ಕೇಳಿ ಬಿಳಿ ಔಷಧದ ಶೀಶೆ ತಂದಳು.

"ಗಂಡಾ ಹೆಂಡ್ತಿ ಒಂದ ದಿನ ಹಚ್ಕೋರಿ. ನೀ ಒಬ್ಬಾಕಿನ ಹಚ್ಕೊಂಡ್ರ ಮತ್ತ ಹತ್ತತಾವು. ಡಾಕ್ಟರು ಹೇಳಿದಷ್ಟ ಹೊತ್ತು ಬಿಟ್ಟು ತೊಳೀರಿ, ಸಣ್ಣ ಹಣಿಗಿಲೆ ಬಾಚಿ ಸೀರು, ಅಂದ್ರ ಹೇನಿನ ತತ್ತಿ, ತಗೀರಿ. ಅರಿವಿ, ಹಾಸಿಗಿ ಕುದಿಸ್ರಿ. ಎಂಟು ದಿನಕ್ಕ ಮತ್ತೊಮ್ಮೆ ಹಚ್ರಿ."

"ಅವರಿಗೆ ಹೆಂಗ ಹೇಳ್ಲಿರಿ? ಮೈಲಿಗಿ ಅಂತ ಲಿಂಗಪೂಜಿನೂ ಬಿಟ್ಟೀನ್ರಿ."

"ನಾ ಹೇಳ್ತೀನಿ. ನೀ ಲಿಂಗಪೂಜಿ ಯಾಕ ಬಿಟ್ಟಿ? ಶಿವಗ ಹೇನಿನ ಅಂಜಿಕಿ ಐತೇನು?"

ಅತ್ತೆಗೆ "ಸೊಸಿಗೆ ಕಜ್ಜಿ" ಎಂದಷ್ಟೇ ಹೇಳಿದಳು.

"ದಿನಾ ಎರಡು ಕೊಡ ನೀರು ಸುರಕೋತಾಳ, ಕಜ್ಜಿ ಹೆಂಗ ಬಂತು?" ಅತ್ತೆ ಚುಚ್ಚಿದಳು.

"ನಿಮ್ಮ ಕೌದೀನೂ ಕುದಿಸ್ರಿ ಯವ್ವಾ, ನಿಮಗೂ ಬಂದೀತು."

ಯಜಮಾನರನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಏನು ಹೇಳಿದಳೋ, ಅವರು ತಲೆ ತಗ್ಗಿಸಿ ಬಂದು ಶೀಶೆ ಕೇಳಿದರು. ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಆಕೆಯ ಮಾತಿನಂತೆ ಇಬ್ಬರೂ ಹುಬ್ಬಳ್ಳಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಬಂದೆವು. ಬೇರೆ ರೋಗವಿರಲಿಲ್ಲ, ಅದೂ ಶಿವನ ಕೃಪೆಯೇ. ಎರಡನೆಯ ಸಲ ಹಚ್ಚಿದ ಮೇಲೆ ತುರಿಕೆ ನಿಂತಿತು. ನರ್ಸಬಾಯಿ ಊರಲ್ಲಿ ಒಬ್ಬರ ಮುಂದೆಯೂ ಬಾಯಿ ಬಿಡಲಿಲ್ಲ.

"ಯಾರು ಹೋದ್ರಂತ?" ಅತ್ತೆ ಒಳಗಿನಿಂದ ಕೂಗಿದಳು. ಇಷ್ಟು ವರ್ಷದ ಮೇಲೂ ನಾನು ನರ್ಸಬಾಯಿಯ ಸುಳ್ಳನ್ನೇ ಹೇಳಿದೆ.

"ಕಜ್ಜಿಗೆ ಔಷಧ ಕೊಟ್ಟಿದ್ಲಲ್ರಿ, ಆಕಿ."

ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಗಳಿಗೆ ನಿಂತೆ. ಆಮೇಲೆ ಕೋಲೆತ್ತಿಕೊಂಡು, ಆಕೆ ಕಲಿಸಿದಂತೆ, ಕೌದಿಯ ಇನ್ನೊಂದು ಮಗ್ಗುಲನ್ನೂ ಕುದಿಯುವ ನೀರಿಗೆ ಅದ್ದಿದೆ.