ದಾರಿಗೆ ಅಡ್ಡವಿದ್ದ ಹಲಸಿನ ಗೆಲ್ಲು

ನಮ್ಮ ಕಡೆ ದೈವಕ್ಕೆ ಕೈಮುಗಿಯದವರು ಇಲ್ಲ. ನಾನೂ ಮುಗಿಯುತ್ತೇನೆ. ಆದರೆ ಕೈಮುಗಿಯುವುದು ಬೇರೆ, ಕೇಳಿದ ಕಥೆಯನ್ನೆಲ್ಲ ನಂಬುವುದು ಬೇರೆ ಎಂದು ವಾದಿಸುತ್ತಿದ್ದವನು ನಾನು. ಯಾರಾದರೂ ಕಾಡಿನಲ್ಲಿ ಹೀಗೊಂದು ಕಂಡೆ ಎಂದು ಶುರುಮಾಡಿದರೆ, ಹಿಂದಿನ ರಾತ್ರಿ ಊಟಕ್ಕೆ ಎಂತ ಇತ್ತು ಎಂದು ಕೇಳಿ ಉಳಿದವರನ್ನು ನಗಿಸುತ್ತಿದ್ದೆ. ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ, ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನಿರುತ್ತೇನೆ.

ಐವತ್ತರ ದಶಕದ ಕೊನೆ. ನಾನು ಪುತ್ತೂರಿನಲ್ಲಿ ಮಾಸ್ತರನಾಗಿದ್ದೆ. ಕಡಬದಿಂದ ಮೂಡಕ್ಕೆ, ಘಟ್ಟದ ಸೆರಗಿನಲ್ಲಿ ಗುಡ್ಡದ ಬೆನ್ನಿನ ಕಡಿದಾದ ಒಂದು ಏಣು ಇತ್ತು. ಜನ ಅದನ್ನು ಕುದುರೆಬೆನ್ನು ಎನ್ನುತ್ತಿದ್ದರು. ದೀಪಾವಳಿ ಕಳೆದು ಆಕಾಶ ತಿಳಿಯಾದ ಮೇಲೆ ಅಲ್ಲಿಗೆ ಹೋಗುವುದು ಸುತ್ತಲಿನ ಊರುಗಳಿಗೆಲ್ಲ ಒಂದು ಹುಚ್ಚು. ಕಾರಣ ಇಷ್ಟೇ, ತುದಿಯಲ್ಲಿ ನಿಂತರೆ ಪಡುವಣದಲ್ಲಿ ಕಡಲು ಕಾಣುತ್ತದೆ. ತೆಳುವಾದ ಒಂದು ಬಿಳಿ ಗೆರೆ, ಅಷ್ಟೇ. ಆದರೂ ಕಂಡವರು ವರ್ಷವಿಡೀ ಅದರ ಮಾತಾಡುತ್ತಿದ್ದರು.

ಕೋಡಿಂಬಾಳದಲ್ಲಿದ್ದ ನನ್ನ ಚಿಕ್ಕಮ್ಮ ಕಡಲು ನೋಡಿದವರಲ್ಲ. ಹುಟ್ಟಿದ್ದು ಪೆರಾಬೆ, ಮದುವೆಯಾಗಿ ಬಂದದ್ದು ಕೋಡಿಂಬಾಳ, ಮಂಗಳೂರು ದೂರದ ಮಾತು. ಐವತ್ತು ದಾಟಿದ, ದೇಹವೂ ಮಾತೂ ಧಾರಾಳವಾಗಿದ್ದ ಹೆಂಗಸು. ಆ ವರ್ಷ ಹಟ ಹಿಡಿದರು. ಚಿಕ್ಕಪ್ಪನಿಗೆ ಮಂಡಿನೋವು. ಕೊನೆಗೆ ನಾನೂ, ನನ್ನ ಶಾಲೆಯಲ್ಲೇ ವಿಜ್ಞಾನ ಕಲಿಸುತ್ತಿದ್ದ ಗೆಳೆಯ ಕುಶಾಲಪ್ಪನೂ ಕರೆದುಕೊಂಡು ಹೋಗುವುದೆಂದಾಯಿತು. ಕುಶಾಲಪ್ಪ ಸಂಪಾಜೆಯ ಕಡೆಯ ಗೌಡ. ನನಗಿಂತ ದೊಡ್ಡ ನಾಸ್ತಿಕ, ಪಾಯಸದ ವಿಷಯದಲ್ಲಿ ಮಾತ್ರ ಭಕ್ತ.

ಚಿಕ್ಕಮ್ಮ ಸೀರೆ ಎತ್ತಿಕಟ್ಟಿ, ಚಿಕ್ಕಪ್ಪನ ಕ್ಯಾನ್ವಾಸ್ ಬೂಟಿನೊಳಗೆ ಬಟ್ಟೆ ತುರುಕಿ ಹಾಕಿಕೊಂಡು ಹೊರಟರು. ದಾರಿಯುದ್ದಕ್ಕೂ ನನಗೆ ಪಾಠ. ಕಲ್ಲು ಉರುಳಿಸಬೇಡ, ಕೆಳಗೆ ಜನ ಬರ್ತಾ ಇರ್ತಾರೆ. ಒರತೆಯ ಹತ್ತಿರ ಉಗುಳಬೇಡ, ಕುಡಿಯುವವರಿದ್ದಾರೆ. ಏದುಸಿರು ಬಿಡುತ್ತಾ ಹತ್ತುವವರು ಎದುರಾದರೆ ಬದಿಗೆ ನಿಂತು ದಾರಿ ಬಿಡು. ನಾನು ಮಕ್ಕಳಿಗೆ ಹೇಳುವುದಕ್ಕಿಂತ ಹೆಚ್ಚು ಅವರು ನನಗೆ ಹೇಳಿದರು.

ಗುಡ್ಡ ಹತ್ತುವವರಲ್ಲಿ ಒಂದು ಪದ್ಧತಿಯಿತ್ತು. ದಾರಿ ಕವಲೊಡೆಯುವಲ್ಲಿ, ಮುಂದೆ ಹೋದವರು ಹೋಗಬಾರದ ದಾರಿಗೆ ಮರದ ಒಂದು ಹಸಿ ಗೆಲ್ಲು ಮುರಿದು ಅಡ್ಡ ಇಟ್ಟು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಹೇರುತ್ತಿದ್ದರು. ಹಿಂದಿನವರು ಅದನ್ನು ನೋಡಿ ಇನ್ನೊಂದು ದಾರಿ ಹಿಡಿಯುತ್ತಿದ್ದರು. ಎಲ್ಲರಿಗಿಂತ ಕೊನೆಗೆ ಬರುವವನು ಗೆಲ್ಲನ್ನು ತೆಗೆದು ಎಸೆಯಬೇಕು, ಇಲ್ಲದಿದ್ದರೆ ಮರುದಿನದವರು ಮೋಸಹೋಗುತ್ತಾರೆ. ಅಂದು ಕುಶಾಲಪ್ಪನ ಬಸ್ಸು ತಡವಾದ್ದರಿಂದ ಚಿಕ್ಕಮ್ಮನೂ ನಾನೂ ಮುಂದೆ ಹೊರಟಿದ್ದೆವು. ಏಣಿನ ನಡುವೆ ದಾರಿ ಎರಡಾಗುವಲ್ಲಿ, ಕಾಡಿನೊಳಗೆ ಸುತ್ತಿಹೋಗುವ ದನದ ದಾರಿಗೆ ಒಂದು ನೆಲ್ಲಿಯ ಗೆಲ್ಲು ಅಡ್ಡ ಇಟ್ಟೆವು. ನಾವು ಹೋದದ್ದು ಅಂಚಿನ ಮೇಲಿನ ಹತ್ತಿರದ ದಾರಿಯಲ್ಲಿ. ಕುಶಾಲಪ್ಪ ಬರುವಾಗ ಆ ನೆಲ್ಲಿಯ ಗೆಲ್ಲನ್ನು ಕಣಿವೆಗೆ ಎಸೆದು ಬಂದಿದ್ದ.

ತುದಿ ಮುಟ್ಟಿದಾಗ ಚಿಕ್ಕಮ್ಮನಿಗೆ ಕಡಲು ಕಂಡಿತು. ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಇಷ್ಟೇ ಉಂಟಾ" ಎಂದರು. ನಂತರ ಕಣ್ಣೊರೆಸಿಕೊಂಡು, "ಚಂದ ಉಂಟು ಮಾರಾಯ" ಎಂದರು. ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಾವು ಅವಲಕ್ಕಿ ತಿಂದೆವು. ತಿನ್ನುತ್ತಿರುವಾಗಲೇ ಮೂಡಣದಿಂದ ಮೋಡ ಬಂತು. ಕಾಲವಲ್ಲದ ಕಾಲದಲ್ಲಿ ಒಂದು ದೊಡ್ಡ ಮಳೆ ಹೊಡೆಯಿತು. ನಾವು ಬಂಡೆಯ ಅಡಿಯಲ್ಲಿ ಕುಳಿತೆವು. ಮಳೆ ನಿಂತಾಗ ಮಂಜು ಇಳಿದಿತ್ತು, ಹೊತ್ತೂ ಇಳಿದಿತ್ತು. ತುದಿಯಲ್ಲಿ ನಮ್ಮ ಹೊರತು ಯಾರೂ ಇರಲಿಲ್ಲ.

ಇಳಿಯುವಾಗ ಒದ್ದೆ ಹುಲ್ಲಿನಲ್ಲಿ ಚಿಕ್ಕಮ್ಮ ಜಾರಿದರು. ಪಾದ ಊದಿಕೊಂಡಿತು. ಒಂದು ಕೈ ನನ್ನ ಹೆಗಲಿಗೆ, ಒಂದು ಕೈ ಕುಶಾಲಪ್ಪನ ಹೆಗಲಿಗೆ ಹಾಕಿ ಕುಂಟುತ್ತಾ ಬಂದರು. ನೋವಿನಲ್ಲೂ, "ನನ್ನ ಮದುವೆಯಲ್ಲಿ ಕೂಡ ಇಷ್ಟು ಮರ್ಯಾದೆ ಸಿಕ್ಕಿರ್ಲಿಲ್ಲ" ಎಂದು ನಗಿಸಿದರು. ನನಗೆ ನಗು ಬರಲಿಲ್ಲ. ಕತ್ತಲಾಗುವ ಮೊದಲು ಅವರನ್ನು ಕೆಳಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಚಿಕ್ಕಪ್ಪನಿಗೆ ಮುಖ ತೋರಿಸುವುದು ಹೇಗೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಎರಡೂ ದಾರಿ ಮೇಲೆ ಮತ್ತೆ ಒಂದಾಗುವ ಕವಲಿಗೆ ಬಂದೆವು. ನಾವು ಬೆಳಿಗ್ಗೆ ಹತ್ತಿ ಬಂದಿದ್ದ ಅಂಚಿನ ದಾರಿಗೆ ಒಂದು ಗೆಲ್ಲು ಅಡ್ಡ ಇತ್ತು. ಮೇಲೆ ಕಲ್ಲು. ಪದ್ಧತಿ ಬಲ್ಲವರೇ ಇಟ್ಟದ್ದು. ನಾನು ಬಗ್ಗಿ ನೋಡಿದೆ. ಹಲಸಿನ ಗೆಲ್ಲು. ಮುರಿದ ತುದಿಯಿಂದ ಬಿಳಿ ಹಾಲು ಇನ್ನೂ ಒಸರುತ್ತಿತ್ತು. ಬೆರಳಿಗೆ ಅಂಟಿಕೊಂಡಿತು.

"ದನ ಕಾಯುವವರು ತಮಾಷೆಗೆ ಇಟ್ಟದ್ದು" ಎಂದೆ. ಕುಶಾಲಪ್ಪನೂ ಹೌದೆಂದ. ದನದ ದಾರಿ ಹಿಡಿದರೆ ನಡಿಗೆ ಎರಡರಷ್ಟಾಗುತ್ತಿತ್ತು. ನಾನು ಗೆಲ್ಲು ದಾಟಲು ಕಾಲೆತ್ತಿದೆ. ಚಿಕ್ಕಮ್ಮ ಕೈ ಬಿಡಿಸಿಕೊಂಡು ನೆಲದ ಮೇಲೆ ಕುಳಿತುಬಿಟ್ಟರು.

"ನಾನು ಬರುದಿಲ್ಲ."

"ಕತ್ತಲಾಗ್ತದೆ ಚಿಕ್ಕಮ್ಮ. ನಿಮ್ಮ ಕಾಲು ನೋಡಿ."

"ಕಾಲು ನನ್ನದಲ್ವಾ, ನೋಡಿದ್ದೇನೆ. ಯಾರೋ ಪುಣ್ಯಾತ್ಮರು ನಮಗೋಸ್ಕರ ಬಗ್ಗಿ ಗೆಲ್ಲು ಇಟ್ಟಿದ್ದಾರೆ. ಅದನ್ನು ತುಳಿದು ಹೋದರೆ ಅವರಿಗೆ ಎಂತ ಅನ್ನಿಸೀತು?"

"ಇಟ್ಟವರು ಇಲ್ಲಿ ಇಲ್ವಲ್ಲ" ಎಂದ ಕುಶಾಲಪ್ಪ.

"ಇಲ್ಲದಿದ್ದರೆ ಮರ್ಯಾದೆ ಬೇಡ್ವಾ?"

ಅವರನ್ನು ಎತ್ತಿಕೊಂಡು ಹೋಗುವ ಶಕ್ತಿ ನಮಗಿರಲಿಲ್ಲ. ಗೊಣಗುತ್ತಾ ದನದ ದಾರಿ ಹಿಡಿದೆವು. ನನಗೆ ಸಿಟ್ಟು ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ತುಸು ದೂರ ಹೋಗಿ ದಾರಿ ತಿರುಗುವಲ್ಲಿ ಕಾಡು ಬಿಚ್ಚಿತು, ಮಂಜೂ ಅದೇ ಹೊತ್ತಿಗೆ ಸರಿಯಿತು. ಕಣಿವೆಯ ಆಚೆ ಅಂಚಿನ ದಾರಿ ಕಾಣಬೇಕಿತ್ತು. ಅದರ ನಡುವಿನ ಒಂದು ತುಂಡು ಇರಲಿಲ್ಲ. ಗುಡ್ಡ ಜರಿದು, ಕೆಂಪು ಮಣ್ಣು ಪಾತಾಳದವರೆಗೆ ಬಳಿದ ಹಾಗಿತ್ತು. ಬೇರುಗಳು ನೇತಾಡುತ್ತಿದ್ದವು. ಸಣ್ಣ ಕಲ್ಲುಗಳು ಇನ್ನೂ ಉದುರುತ್ತಿದ್ದವು. ಆ ಮಂಜಿನಲ್ಲಿ ನಾವು ಮೂವರೂ ಒಬ್ಬರಿಗೊಬ್ಬರು ಆತುಕೊಂಡು ನೇರವಾಗಿ ಅಲ್ಲಿಗೇ ಕಾಲಿಡುತ್ತಿದ್ದೆವು. ಚಿಕ್ಕಮ್ಮ ಹಿಂದಕ್ಕೆ ತಿರುಗಿ ಕವಲಿನ ಕಡೆಗೆ ಕೈಮುಗಿದರು.

ಕತ್ತಲಾಗುವ ಹೊತ್ತಿಗೆ ಬುಡದಲ್ಲಿದ್ದ ಒಂದೇ ಒಂದು ಮನೆ ಮುಟ್ಟಿದೆವು. ಅಲ್ಲಿಯ ಮುದುಕಿ ಕಾಲಿಗೆ ಬಿಸಿನೀರು ಕೊಟ್ಟರು, ನಮಗೆ ಕಾಫಿ ಕೊಟ್ಟರು. ಮಳೆಯ ನಡುವೆ ಗುಡ್ಡ ಜರಿದ ಸದ್ದು ಅವರಿಗೆ ಕೇಳಿಸಿತ್ತು. ಮಳೆ ಶುರುವಾದ ಮೇಲೆ ಯಾರಾದರೂ ಗುಡ್ಡಕ್ಕೆ ಹೋದರೇ, ಇಳಿದು ಬಂದರೇ ಎಂದು ಕೇಳಿದೆ. ಅವರ ಅಂಗಳ ದಾಟದೆ ಎರಡೂ ದಾರಿಗೆ ಹೋಗುವುದು ಸಾಧ್ಯವಿಲ್ಲ. "ಒಂದು ನಾಯಿ ಕೂಡ ಹೋಗ್ಲಿಲ್ಲ, ಬರ್ಲಿಲ್ಲ" ಎಂದರು. ಹಲಸಿನ ಮರ ಮೇಲೆ ಎಲ್ಲಾದರೂ ಉಂಟೇ ಎಂದರೆ ಮುದುಕಿ ನನ್ನನ್ನೇ ವಿಚಿತ್ರವಾಗಿ ನೋಡಿದರು. "ಗುಡ್ಡೆಯ ಹುಲ್ಲಿನಲ್ಲಿ ಹಲಸು ಎಲ್ಲಿಂದ? ಇರುದು ನಮ್ಮ ದನದ ಹಟ್ಟಿಯ ಹಿಂದೆ ಒಂದು."

ಆ ಮರದಿಂದ ಮುರಿದದ್ದಾದರೆ ಅಷ್ಟು ಎತ್ತರ ಹೊತ್ತು ತರುವಷ್ಟರಲ್ಲಿ ಹಾಲು ಒಣಗಬೇಕಿತ್ತು. ಕುಶಾಲಪ್ಪ ಮಂಗನ ಕೆಲಸ ಎಂದ. ಮಂಗ ಗೆಲ್ಲು ಮುರಿಯುವುದು ಹೌದು, ಅದರ ಮೇಲೆ ಕಲ್ಲು ಹೇರುವ ಮಂಗ ಯಾವುದು ಎಂದು ಕೇಳಿದೆ. ಮುಂದಿನ ವಾರ ನನಗೆ ಹೇಳದೆ ಅವನೊಬ್ಬನೇ ಹೋಗಿ ಗುಡ್ಡದ ಎರಡೂ ಮಗ್ಗುಲು ಹುಡುಕಿದನಂತೆ. ಬಂದವನು ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕುಳಿತು ಮೆಲ್ಲಗೆ ಹೇಳಿದ. "ಹಲಸು ಇಲ್ಲ ಮಾರಾಯ. ಸಿಕ್ಕದೆ ಇದ್ದದ್ದೇ ಒಳ್ಳೇದಾಯ್ತು. ಸಿಕ್ಕಿದ್ದರೆ ಚಿಕ್ಕಮ್ಮನಿಗೆ ಹೇಳ್ಬೇಕಾಗ್ತಿತ್ತು."

ಚಿಕ್ಕಮ್ಮನಿಗೆ ಹೆದರಿಕೆಯಾಗಲಿಲ್ಲ, ಬೇರೆಯೇ ಚಿಂತೆಯಾಯಿತು. ಅಷ್ಟು ದೊಡ್ಡ ಉಪಕಾರ ಮಾಡಿದವರು ಯಾರೆಂದು ಗೊತ್ತಾಗಲಿಲ್ಲವಲ್ಲ, ಒಂದು ಊಟಕ್ಕಾದರೂ ಕರೆಯಬಹುದಿತ್ತಲ್ಲ ಎಂದು ತಿಂಗಳುಗಟ್ಟಲೆ ಪೇಚಾಡಿದರು. ಮರುವರ್ಷ ದೀಪಾವಳಿ ಕಳೆದ ಮೊದಲ ಆದಿತ್ಯವಾರ ನಮ್ಮಿಬ್ಬರನ್ನೂ ಕರೆಸಿದರು. ಪಂಕ್ತಿಯಲ್ಲಿ ಒಂದು ಎಲೆ ಹೆಚ್ಚಿತ್ತು. ಯಾರಿಗೆ ಎಂದೆ. "ಯಾರಿಗೆ ಅಂತ ಗೊತ್ತಿದ್ದರೆ ಹೆಸರು ಹಿಡಿದು ಕರೀತಿದ್ದೆ. ನೀನು ಸರಿಯಾಗಿ ಬಡಿಸು" ಎಂದರು. ಬಡಿಸಿದೆ. ಕುಶಾಲಪ್ಪ ಮೂರು ಸಲ ಪಾಯಸ ಹಾಕಿಸಿಕೊಂಡ, ಆ ಎಲೆಯ ಕಡೆ ಕಾಲು ಚಾಚದೆ ಮುದುರಿ ಕುಳಿತಿದ್ದ.

ಚಿಕ್ಕಮ್ಮ ತೀರಿಕೊಂಡ ಮೇಲೆ ಆ ಎಲೆಯನ್ನು ನಮ್ಮ ಮನೆಯಲ್ಲಿ ಹಾಕುತ್ತೇವೆ. ದೆವ್ವ ಭೂತದ ಕಥೆಗಳನ್ನು ನಾನು ಈಗಲೂ ನಂಬುವುದಿಲ್ಲ. ಆ ಗೆಲ್ಲನ್ನು ಮಾತ್ರ ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ನನಗೆ ತಿಳಿದಿಲ್ಲ. ಆ ಎಲೆ ಯಾರಿಗೆ ಎಂದು ಮೊಮ್ಮಕ್ಕಳು ಪ್ರತಿವರ್ಷ ಕೇಳುತ್ತಾರೆ. ಗೊತ್ತಿಲ್ಲ ಮಕ್ಕಳೇ ಎನ್ನುತ್ತೇನೆ, ಮತ್ತು ಆ ಎಲೆಗೆ ಯಾರೂ ಕೇಳದೆಯೇ ಇನ್ನೊಂದು ಸಲ ಪಾಯಸ ಬಡಿಸುತ್ತೇನೆ.