ಕುರಿಮಂದೆ ದಾರಿಗಡ್ಡ ಕೂತ ಸಂಜೆ

ಶಕುನ, ದೃಷ್ಟಿ, ದೈವದ ಅಪ್ಪಣೆ, ಇವು ಯಾವುದನ್ನೂ ನಾನು ನಂಬಿದವಳಲ್ಲ. ಆರೋಗ್ಯ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದೆ. ಶಿರಾ, ಕೊರಟಗೆರೆ, ಮಧುಗಿರಿ, ಪಾವಗಡ, ಈ ನಾಲ್ಕೂ ತಾಲ್ಲೂಕುಗಳ ಹಳ್ಳಿ ಉಪಕೇಂದ್ರಗಳನ್ನು ನೋಡಿದ್ದೇನೆ. ನರ್ಸಿಂಗ್ ಶಾಲೆಯಲ್ಲಿ ಹಾಸಿಗೆಯ ಚಾದರದ ಮೂಲೆ ಒಂದು ಬೆರಳು ಓರೆಯಾದರೂ ಮತ್ತೆ ಬಿಚ್ಚಿ ಹಾಸಿಸುತ್ತಿದ್ದರು. ಅಲ್ಲಿ ಕಲಿತದ್ದು ಇಂದಿಗೂ ಬಿಟ್ಟಿಲ್ಲ. ಐದಕ್ಕೆ ಏಳುತ್ತೇನೆ, ಆರಕ್ಕೆ ವಾಕಿಂಗ್, ಎಂಟಕ್ಕೆ ತಿಂಡಿ. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ನನ್ನ ಕೈಕೆಳಗಿನ ಹುಡುಗಿಯರಿಗೆ ಹೇಳುತ್ತಲೇ ಬಂದೆ. ಅಂಥ ನಾನು ಈಗ ಬರೆಯುವುದಕ್ಕೆ ಕಾರಣ ಕೊಡಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ಯೋಚಿಸಿ.

ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಆಗ ನಾನು ಪಾವಗಡದ ಕಡೆಯ ಏಳು ಉಪಕೇಂದ್ರಗಳ ಮೇಲ್ವಿಚಾರಕಿ. ಅವುಗಳಲ್ಲಿ ತೀರಾ ಕೊನೆಯದು ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಸಣ್ಣ ಊರಿನಲ್ಲಿತ್ತು. ಊರಿನ ಪಕ್ಕದಲ್ಲೇ ಕುರಿ ಸಾಕುವವರ ಹಟ್ಟಿ. ಬಸ್ಸು ದಿನಕ್ಕೆ ಎರಡು ಸಲ, ಅದೂ ಮೂರು ಮೈಲಿ ಆಚೆಯ ಟಾರು ರಸ್ತೆಗೆ. ಅಲ್ಲಿಗೆ ಯಾವ ನರ್ಸೂ ವರ್ಷ ತುಂಬಿಸುತ್ತಿರಲಿಲ್ಲ. ರೂಪಾ ಮಾತ್ರ ಮೂರು ವರ್ಷ ಇದ್ದಳು. ತೋವಿನಕೆರೆಯ ರೈತರ ಮನೆಯ ಹುಡುಗಿ, ಕೈ ಬಹಳ ಚುರುಕು. ಅವಳ ರಿಜಿಸ್ಟರಿನಲ್ಲಿ ಒಂದು ಖಾಲಿ ಕಲಂ ಇರುತ್ತಿರಲಿಲ್ಲ. ಹಾಗಾಗಿ ನಾನು ತಿಂಗಳಿಗೊಮ್ಮೆ ಹೋಗಿ, ಸಹಿ ಹಾಕಿ, ಲಸಿಕೆ ಪೆಟ್ಟಿಗೆ ನೋಡಿ, ಮುಂದಿನ ಕೇಂದ್ರಕ್ಕೆ ಹೊರಟುಬಿಡುತ್ತಿದ್ದೆ.

ಆ ರೂಪಾ ಕೆಲಸ ಬಿಡುತ್ತೇನೆ ಎಂದು ಬರೆದುಕೊಟ್ಟಳು. ಬದಲಿ ಯಾರೂ ಇರಲಿಲ್ಲ, ಕೇಂದ್ರಕ್ಕೆ ಬೀಗ ಹಾಕುವುದೊಂದೇ ದಾರಿ. ಮಾಘ ಮಾಸದ ಒಂದು ಮಧ್ಯಾಹ್ನ ಹೋಗಿ, ಸಾಮಾನು ಎಣಿಸಿ, ಹೆರಿಗೆ ಸಾಮಗ್ರಿಯ ಬೀರುವಿಗೆ ನನ್ನ ಸಹಿಯ ಚೀಟಿ ಅಂಟಿಸಿ, ಬೀಗದ ಕೈ ನನ್ನ ಚೀಲಕ್ಕೆ ಹಾಕಿಕೊಂಡೆ. ಬಿಡುಗಡೆ ಪತ್ರಕ್ಕೂ ಸಹಿಯಾಯಿತು. ಹೆಂಗಸರು ಬಂದು ರೂಪಾಗೆ ಅರಿಶಿನ ಕುಂಕುಮ ಕೊಟ್ಟರು. ಜಯಮ್ಮ ಎಂಬ ತುಂಬು ಬಸುರಿಯೂ ಬಂದಿದ್ದಳು, ಜೊತೆಗೆ ಅವಳ ಅತ್ತೆ ನರಸಕ್ಕ. ಜಯಮ್ಮನಿಗೆ ದಿನ ತುಂಬಲು ಇನ್ನೂ ಎರಡು ವಾರವಿತ್ತು. ಬಂದಳು, ಕುಂಕುಮ ಇಟ್ಟಳು, ಗೋಡೆ ಹಿಡಿದು ನಿಂತಳು. ನಾಲ್ಕೂವರೆಗೆ ನಾನೂ ರೂಪಾಳೂ ಅವಳ ಟ್ರಂಕಿನ ಜೊತೆ ಲಗೇಜ್ ಆಟೋ ಹತ್ತಿದೆವು.

ಊರು ದಾಟಿ ಒಂದು ಕೂಗಳತೆ ಹೋಗಿದ್ದೇವೆ, ಎದುರಿಗೆ ಹಟ್ಟಿಯ ಈರಣ್ಣನ ಕುರಿಮಂದೆ ಬಂತು. ಮೇವು ಮುಗಿಸಿ ಮನೆಗೆ ಬರುವ ಹೊತ್ತು. ಆಟೋದವನು ಪಕ್ಕಕ್ಕೆ ನಿಲ್ಲಿಸಿದ. ಮಂದೆ ಹತ್ತಿರ ಬಂದು, ರಸ್ತೆಯ ಉದ್ದಗಲಕ್ಕೆ ಕೂತುಬಿಟ್ಟಿತು. ಒಂದೆರಡಲ್ಲ, ನೂರಕ್ಕೂ ಮೇಲೆ. ಎಡಕ್ಕೆ ಕಳ್ಳಿಯ ಬೇಲಿ, ಬಲಕ್ಕೆ ಆಳದ ಕಾಲುವೆ. ಪಕ್ಕದಿಂದ ಹೋಗಲು ಜಾಗವಿರಲಿಲ್ಲ.

ಈರಣ್ಣ ಕೋಲು ಆಡಿಸಿದ, ಸಿಳ್ಳೆ ಹಾಕಿದ. ಮುಂದಿನ ಟಗರಿನ ಕೊಂಬು ಹಿಡಿದು ಎಬ್ಬಿಸಿದ. ಅದು ಎದ್ದು, ಅವನು ಕೈ ಬಿಟ್ಟೊಡನೆ ಮತ್ತೆ ಕೂತಿತು.

"ಲೇ ಈರಣ್ಣ, ಎಬ್ಬುಸ್ತೀಯೋ ಇಲ್ಲ ಸಾಲಾಗಿ ಎಲೆ ಹಾಕುಸ್ಲೋ?" ಎಂದ ಆಟೋದವನು.

"ಬಡುಸು ಬಾರ್ಲಾ, ನೀನೇ ಬಡುಸು. ನಾನು ಹಲ್ಲು ಬಂದಾಗ್ಲಿಂದ ಕುರಿ ಕಾಯ್ತಿವ್ನಿ, ಇಂಗೆ ಒಂದಿನಾನೂ ಕೂತಿಲ್ಲ ಇವು," ಎಂದ ಈರಣ್ಣ. ಅವನ ದನಿಯಲ್ಲಿ ತಮಾಷೆ ಕಡಿಮೆಯಿತ್ತು.

ಯಾಕೆಂದು ನನಗೂ ಆಮೇಲೆ ಹೊಳೆಯಿತು. ಹಿಂದೆ, ಹಟ್ಟಿಯ ರೊಪ್ಪದಲ್ಲಿ, ಬೆಳಗಿನಿಂದ ತಾಯಿ ಕಾಣದ ಮರಿಗಳು ಒಂದೇ ಸಮನೆ ಅರಚುತ್ತಿದ್ದವು. ಆ ಕೂಗು ಕೇಳಿದರೆ ತಾಯಿಕುರಿಗಳು ಕೋಲಿಗೂ ಬಗ್ಗದೆ ಓಡುತ್ತವೆ. ಹಳ್ಳಿಯಲ್ಲಿ ನಾಲ್ಕು ದಿನ ಇದ್ದವರಿಗೂ ಗೊತ್ತಿರುವ ಮಾತು. ಇಲ್ಲಿ ಕೆಚ್ಚಲು ಬಿಗಿದ ಕುರಿಗಳು ಊರ ಕಡೆ ಮುಖ ಮಾಡಿ ಕೂತಿದ್ದವು. ಒಂದೂ ಮಾರುತ್ತರ ಕೊಡಲಿಲ್ಲ. ನೂರು ಕುರಿ ಬಾಯಿ ಮುಚ್ಚಿ ಕೂತರೆ ಹೇಗಿರುತ್ತದೆ ಎಂದು ನಾನು ಅಂದೇ ಕಂಡದ್ದು. ಬೆನ್ನಿನ ಮೇಲೆ ಯಾರೋ ಕೈ ಇಟ್ಟ ಹಾಗಾಯಿತು.

ಗಡಿಯಾರ ನೋಡಿಕೊಂಡೆ. ಬಸ್ಸು ತಪ್ಪುವುದು ಖಚಿತವಾಯಿತು. ಮಾಡಲು ಏನೂ ಕೆಲಸವಿಲ್ಲದ್ದು ನನ್ನ ಸರ್ವಿಸಿನಲ್ಲೇ ಅಪರೂಪ. ಸುಮ್ಮನಿರಲಾಗದೆ ರೂಪಾಳನ್ನು ಕೇಳಿದೆ, "ಇಷ್ಟು ಚೆನ್ನಾಗಿ ಕೆಲಸ ಮಾಡ್ತಿದ್ದೆ, ಯಾಕಮ್ಮ ಬಿಟ್ಟೆ? ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೆ ಮೇಡಂ. ಮೂರು ಸಲ ಬರೆದುಕೊಟ್ಟಿದ್ದೆ."

ನಿಜ. ಮೂರಕ್ಕೂ ದಿನಾಂಕದ ಮೊಹರು ಒತ್ತಿ, ಫೈಲಿಗೆ ಹಾಕಿ, ಮೇಲಿನವರಿಗೆ ಕಳಿಸಿದ್ದೆ. ನನ್ನ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅವಳು ಟ್ರಂಕಿನ ಮೇಲೆ ಕೂತು ಒಂದೊಂದೇ ಹೇಳಿದಳು. ವಸತಿಗೃಹದ ಬಾಗಿಲಿಗೆ ಚಿಲಕವಿಲ್ಲದೆ ಒಳಗಿನಿಂದ ಟ್ರಂಕು ಒತ್ತಿಟ್ಟು ಮಲಗುತ್ತಿದ್ದದ್ದು, ನೀರಿಗೆ ಹಟ್ಟಿಯ ಕೊಳಾಯಿಗೆ ಹೋಗಬೇಕಿದ್ದದ್ದು, ರಜೆ ಹಾಕಿದರೆ ನೋಡಿಕೊಳ್ಳಲು ಯಾರೂ ಇಲ್ಲದೆ ಸ್ವಂತ ಅಣ್ಣನ ಮದುವೆಗೆ ಧಾರೆಯ ಹೊತ್ತಿಗೆ ಹೋಗಿ ಊಟಕ್ಕೆ ಮುಂಚೆ ವಾಪಸು ಬಂದದ್ದು. ದೂರುವ ದನಿ ಇರಲಿಲ್ಲ. ನನಗೆ ಅವಳ ಮುಖ ನೋಡಲಾಗಲಿಲ್ಲ, ಕುರಿಗಳನ್ನು ನೋಡುತ್ತಾ ಕೂತೆ.

ಅಷ್ಟರಲ್ಲಿ ಕಾಲುವೆಯೊಳಗಿನಿಂದ ಒಂದು ತಲೆ ಎದ್ದಿತು. ಆಶಾ ಕಾರ್ಯಕರ್ತೆ ಪುಟ್ಟಲಕ್ಷ್ಮಿ. ಸೀರೆ ಮೊಣಕಾಲಿಗೆ ಕಟ್ಟಿ, ಕೆಸರು ಮೆತ್ತಿಕೊಂಡು, ಆಟೋವನ್ನು ದಾಟಿ ಮುಂದೆ ಹೋಗಿ, ಕುರಿಗಳ ನಡುವೆ ನಿಂತು ನಮ್ಮ ಕಡೆ ತಿರುಗಿದಳು.

"ಸಿಸ್ಟರ್, ಜಯಮ್ಮಂಗೆ ನೋವು ಬಂದೈತೆ. ನೀರು ಒಡೆದೋಯ್ತು."

"ಯಾವಾಗಿಂದ?"

"ಬೆಳಿಗ್ಗೆಯಿಂದ್ಲೇ ಇತ್ತಂತೆ. ಹೊರಟೋರ್ಗೆ ಯಾಕೆ ಅಡ್ಡ ಮಾತು ಅಂತ ಬಾಯಿ ಬುಡ್ಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡುದ್ವಿ, ಮುಕ್ಕಾಲು ಗಂಟೆ ಅಂದ್ರು."

"ಇಲ್ಲೇ ಕಾಣೋ ಹಂಗೆ ನಿಂತಿದ್ದೀವಿ, ಕೂಗಬಾರದಾ? ಫೋನಾದ್ರೂ ಮಾಡಬಾರದಾ?" ಎಂದು ನಾನು ಗದರಿದೆ.

"ಹೊರಟೋರ್ನ ಹಿಂದ್ಲಿಂದ ಕೂಗ್ಬಾರ್ದು ಕಣಕ್ಕ. ಫೋನಾದ್ರೂ ಹಿಂದ್ಲಿಂದ್ಲೇ ತಾನೇ. ಅದುಕ್ಕೆ ಕಾಲುವೇಲಿ ಇಳ್ದು ಮುಂದ್ಗಡೆಯಿಂದ ಬಂದೆ."

ರೂಪಾ ಆಗಲೇ ಇಳಿದಿದ್ದಳು. ಚಪ್ಪಲಿ ಆಟೋದಲ್ಲೇ ಬಿಟ್ಟು ಊರ ಕಡೆ ಓಡಿದಳು. ಅವಳು ಹತ್ತು ಹೆಜ್ಜೆ ಹಾಕಿರಬಹುದು, ಕುರಿಗಳೆಲ್ಲ ಒಟ್ಟಿಗೆ ಎದ್ದವು. ಈರಣ್ಣ ಕೋಲು ಎತ್ತಿರಲಿಲ್ಲ, ಆಟೋ ಸದ್ದು ಮಾಡಿರಲಿಲ್ಲ. ಎದ್ದು, ಮೈ ಒದರಿ, ಅರಚುತ್ತಾ, ನಮ್ಮ ಆಟೋ ಅಲುಗಾಡುವಂತೆ ಒತ್ತಿಕೊಂಡು, ಮರಿಗಳ ಕಡೆಗೆ ಓಡಿದವು. ಇದನ್ನು ನಾನೇ ಕಣ್ಣಾರೆ ಕಂಡೆ.

ಯೋಚಿಸಲು ಪುರಸೊತ್ತಿರಲಿಲ್ಲ. ನಾನು ಹೋಗುವಷ್ಟರಲ್ಲಿ ಜಯಮ್ಮ ಕೇಂದ್ರದ ಮೆಟ್ಟಿಲ ಮೇಲೆ ಕೂತು ನರಸಕ್ಕನ ತೋಳು ಕಚ್ಚುತ್ತಿದ್ದಳು. ಬೀಗ ತೆಗೆದೆ. ನಾನೇ ಅಂಟಿಸಿದ ಚೀಟಿಯನ್ನು ನಾನೇ ಹರಿದೆ. ರೂಪಾ ಕೈ ತೊಳೆದುಕೊಳ್ಳುತ್ತಾ, "ಮೇಡಂ, ನಾನೀಗ ಡ್ಯೂಟಿಯಲ್ಲಿ ಇದ್ದೀನಾ, ಇಲ್ವಾ?" ಎಂದಳು. "ಇದ್ದೀಯ," ಎಂದೆ. ಸರ್ವಿಸಿನಲ್ಲಿ ನಿಯಮ ನೋಡದೆ ಕೊಟ್ಟ ಮೊದಲ ಉತ್ತರ ಅದು.

ಇಪ್ಪತ್ತು ನಿಮಿಷದಲ್ಲಿ ಮಗು ಬಂತು. ಹೊಕ್ಕುಳಬಳ್ಳಿ ಕುತ್ತಿಗೆಗೆ ಎರಡು ಸುತ್ತು. ಮೈ ನೀಲಿ, ಅಳುವಿಲ್ಲ, ಉಸಿರಿಲ್ಲ. ರೂಪಾ ಬಾಯಿ ಒರೆಸಿ, ಬೆನ್ನು ತಿಕ್ಕಿದಳು. ಆಗಲಿಲ್ಲ. ಪುಟ್ಟ ಮಾಸ್ಕು ಮುಖಕ್ಕಿಟ್ಟು, ಉಸಿರು ತುಂಬುವ ಗಾಳಿಚೀಲ ಒತ್ತತೊಡಗಿದಳು. ನಾನು ಗಡಿಯಾರ ಹಿಡಿದು ಸಮಯ ಹೇಳುತ್ತಿದ್ದೆ. ಅವಳ ಬೆರಳು ಒಂದು ಸಲವೂ ಲಯ ತಪ್ಪಲಿಲ್ಲ. ಒಂದು ನಿಮಿಷ ಕಳೆಯಿತು. ಎರಡನೆಯದು ಮುಗಿಯುವ ಮುಂಚೆ ಎದೆ ತಾನಾಗಿ ಏರಿತು, ಆಮೇಲೆ ಹೆಣ್ಣುಮಗು ಊರಿಗೆಲ್ಲ ಕೇಳುವಂತೆ ಅತ್ತಿತು. ಮುಕ್ಕಾಲು ಗಂಟೆ ಎಂದಿದ್ದ ಆಂಬುಲೆನ್ಸ್ ಬರುವಷ್ಟರಲ್ಲಿ ಮಗು ಎದೆಹಾಲು ಕುಡಿಯುತ್ತಿತ್ತು. ನರಸಕ್ಕ ಒಂದು ಕಣ್ಣಿನಲ್ಲಿ ಅಳುತ್ತಾ ಇನ್ನೊಂದರಲ್ಲಿ ನಗುತ್ತಾ, "ನಿನ್ನ ಕಳ್ಸೋಕೆ ಮೊಮ್ಮಗಳಿಗೆ ಇಷ್ಟ ಇಲ್ಲ ಕಣಮ್ಮ, ನಾವೇನ್ ಮಾಡಾನ," ಎಂದು ರೂಪಾಳ ಗಲ್ಲ ಹಿಡಿದಳು. ಹೊರಗೆ ನೆರೆದ ಹೆಂಗಸರೆಲ್ಲ ನಕ್ಕರು.

ರೂಪಾ ಉಳಿಯಲು ಒಡನೆಯೇ ಒಪ್ಪಲಿಲ್ಲ. ಅವಳ ಷರತ್ತುಗಳನ್ನು ಆ ಮೆಟ್ಟಿಲ ಮೇಲೆ ಕೂತೇ ಹೇಳಿದಳು, ನಾನು ಬರೆದುಕೊಂಡೆ. ಬಿಡುಗಡೆ ಪತ್ರ ಇನ್ನೂ ನನ್ನ ಚೀಲದಲ್ಲಿತ್ತು, ಅಲ್ಲೇ ಹರಿದೆ. ಮರುದಿನವೇ ಈರಣ್ಣ ವಸತಿಗೃಹದ ಬಾಗಿಲಿಗೆ ಚಿಲಕ ಹಾಕಿಕೊಟ್ಟ. ವಾರದಲ್ಲಿ ಊರವರು ಕೊಳಾಯಿ ಎಳೆದರು. ಅಕ್ಕಪಕ್ಕದ ಎರಡು ಕೇಂದ್ರದ ನರ್ಸುಗಳನ್ನು ಸೇರಿಸಿ ಸರದಿ ಮಾಡಿದೆ. ಪ್ರತಿ ತಿಂಗಳು ತನ್ನ ಊರಿಗೆ ಹೋಗಿಬರಲು ಅವಳಿಗೆ ನಾಲ್ಕು ದಿನ ರಜೆ, ಅದರಲ್ಲಿ ಎರಡು ದಿನ ಅವಳ ಜಾಗದಲ್ಲಿ ನಾನೇ. ಉಳಿದ ಆರು ಕೇಂದ್ರಗಳಿಗೂ ಹೀಗೇ ಮಾಡಿದೆವು. ಅಂದಿನಿಂದ ಯಾವ ಕೇಂದ್ರಕ್ಕೆ ಹೋದರೂ ರಿಜಿಸ್ಟರ್ ತೆರೆಯುವ ಮುಂಚೆ ಆ ಹುಡುಗಿಯ ಜೊತೆ ಕಾಫಿ ಕುಡಿಯುತ್ತಿದ್ದೆ. ರೂಪಾ ಈಗಲೂ ಅಲ್ಲೇ ಇದ್ದಾಳೆ, ಆ ಮಗು ಶಾಲೆಗೆ ಹೋಗುತ್ತದೆ.

ಕುರಿಗಳ ವಿಷಯ ಮಾತ್ರ ನನ್ನನ್ನು ಬಿಡಲಿಲ್ಲ. ಮಧುಗಿರಿಯಲ್ಲಿ ನಮ್ಮ ಬೀದಿಯಲ್ಲೇ ಒಬ್ಬ ನಿವೃತ್ತ ಪಶುವೈದ್ಯರಿದ್ದಾರೆ, ಅವರನ್ನು ಕೇಳಿದೆ. ಟಾರು ಬಿಸಿಯಾಗಿರುತ್ತದೆ, ಬೆಚ್ಚಗೆ ಕೂತಿರಬೇಕು ಎಂದರು. ಅದು ಮಣ್ಣಿನ ರಸ್ತೆ ಎಂದೆ. ಚಿರತೆಯ ವಾಸನೆ ಬಡಿದಿರಬೇಕು ಎಂದರು. ಹಾಗಾದರೆ ಚದುರಿ ಓಡಬೇಕಿತ್ತಲ್ಲ ಎಂದೆ. ಹೊಟ್ಟೆ ಭಾರವಾಗಿರಬೇಕು ಎಂದರು. ಮರಿಗಳು ಕೂಗುತ್ತಿದ್ದವಲ್ಲ ಎಂದೆ. ಅವರು ಟೀ ಲೋಟ ಎತ್ತಿಕೊಂಡರು. ರೂಪಾಳನ್ನು ಕೇಳಿದರೆ ನಗುತ್ತಾಳೆ. "ಕುರಿ ಕೂತಿದ್ದು ಬಿಡಿ ಮೇಡಂ, ನೀವು ಕೂತಿರಲ್ಲ, ನನಗೆ ಅದೇ ಆಶ್ಚರ್ಯ," ಎನ್ನುತ್ತಾಳೆ.

ಆ ದಿನದ ಪ್ರವಾಸ ವರದಿಯಲ್ಲಿ, ತಡವಾಗಿ ಹಿಂತಿರುಗಿದ್ದಕ್ಕೆ ಕಾರಣ ಬರೆಯಲು ಒಂದು ಕಲಂ ಇತ್ತು. ಬಹಳ ಹೊತ್ತು ಪೆನ್ನು ಹಿಡಿದು ಕೂತೆ. ಖಾಲಿ ಬಿಡುವುದು ನನ್ನ ಕೈಯಲ್ಲಾಗದು. ಕೊನೆಗೆ "ರಸ್ತೆಯಲ್ಲಿ ಅಡಚಣೆ" ಎಂದು ಬರೆದೆ, ಆಮೇಲೆ ಅದನ್ನು ಹೊಡೆದು ಹಾಕಿದೆ. ಅಡಚಣೆ ಎನ್ನಲು ಮನಸ್ಸು ಒಪ್ಪಲಿಲ್ಲ. ಬೇರೆ ಪದ ಸಿಕ್ಕಲಿಲ್ಲ. ಹಾಗೇ ಸಹಿ ಹಾಕಿ ಕಳಿಸಿದೆ.