ಗೇಟಿನಲ್ಲಿ ಕೈ ಹಿಡಿಯುವವಳು

ನಮ್ಮ ಹುಡುಗಿಯರ ಶಾಲೆಗೆ ಹೆಡ್‌ಮಿಸ್ ಇಬ್ಬರು. ಒಬ್ಬರು ಕುರ್ಚಿಯಲ್ಲಿ ಕೂತವರು, ಇನ್ನೊಬ್ಬಳು ಗೇಟಿನಲ್ಲಿ ನಿಂತವಳು. ಕುರ್ಚಿಯವರು ನಾನು ಟೀಚರಾಗಿ ಸೇರಿದ ಮೇಲೆ ನಾಲ್ಕು ಸಲ ಬದಲಾದರು. ಗೇಟಿನವಳು ಮೂವತ್ತೊಂದು ವರ್ಷದಿಂದ ಒಬ್ಬಳೇ. ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ಆಯಮ್ಮ. ನೀಲಿ ಏಪ್ರನ್ನಿಗೆ ಎರಡು ದೊಡ್ಡ ಜೇಬು. ಒಂದರಲ್ಲಿ ಮಡಿಸಿದ ಕರವಸ್ತ್ರಗಳು, ಇನ್ನೊಂದರಲ್ಲಿ ಪಿನ್ನು, ಗುಂಡಿ, ದಾರ, ಬಿಸ್ಕತ್ತು. ಹೊಸ ಶಾಲಾ ವರ್ಷದ ಮೊದಲ ದಿನ ಬೆಳಗ್ಗೆ ಆರೂವರೆಗೆ ಬೀಗ ತೆಗೆಯುವವಳು ಅವಳು, ಒಂಬತ್ತಕ್ಕೆ ಗಂಟೆ ಹೊಡೆಯುವವಳೂ ಅವಳೇ.

ಆ ದಿನಕ್ಕೆ ಅವಳದೊಂದು ಕಾನೂನು ಇತ್ತು. ಒಂದನೇ ತರಗತಿಗೆ ಸೇರುವ ಮಗುವಿನ ಅಪ್ಪ ಅಮ್ಮ ಯಾರೂ ಗೇಟು ದಾಟಿ ಒಳಗೆ ಬರುವಂತಿಲ್ಲ. ಆಯಮ್ಮ ಕೈ ಚಾಚುತ್ತಾಳೆ, ತಾಯಿ ಮಗುವಿನ ಕೈಯನ್ನು ಅದರಲ್ಲಿ ಇಡಬೇಕು. ಆಮೇಲೆ ಆಯಮ್ಮನ ಒಂದೇ ಮಾತು: "ಇನ್ನು ಹೊರಡಿ. ತಿರುಗಿ ಮಾತ್ರ ನೋಡ್ಬೇಡಿ."

"ಯಾಕೆ?" ಅಂತ ಕೇಳಿದ ತಾಯಂದಿರಿಗೆ ಉತ್ತರ ಸಿದ್ಧವಾಗಿತ್ತು. "ನೀವು ತಿರುಗಿದ್ರೆ ಮಗುಗೆ ನಿಮ್ಮ ಮುಖ ಕಾಣುತ್ತೆ. ನಿಮ್ಮ ಮುಖ ಈಗ ನೋಡೋ ಹಾಗಿಲ್ಲ, ತಾಯಿ."

ಅಪ್ಪಂದಿರದ್ದು ಇನ್ನೂ ದೊಡ್ಡ ಗೋಳು. ಒಬ್ಬ ದಪ್ಪ ಮೀಸೆಯ ಮನುಷ್ಯ ಮಗಳ ಕೈಯನ್ನೇನೋ ಕೊಟ್ಟ, ತಿರುಗಿಯೂ ನೋಡಲಿಲ್ಲ, ಆದರೆ ಅವಳ ಗುಲಾಬಿ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೇ ಆಫೀಸಿಗೆ ಹೋಗಿಬಿಟ್ಟ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬೆವರುತ್ತಾ ಓಡಿಬಂದವನಿಗೆ ಆಯಮ್ಮ ನೀರು ಕೊಟ್ಟು, "ಸ್ಲೇಟೂ ನೀವೇ ಇಟ್ಕೊಂಡಿದ್ರಾ? ಏನಾದ್ರೂ ಬರೆದ್ರಾ?" ಅಂತ ಕೇಳಿದಳು.

ಹೊಸ ಟೀಚರುಗಳನ್ನೂ ಅವಳು ಹಾಗೇ ಬರಮಾಡಿಕೊಳ್ಳುತ್ತಿದ್ದಳು. ಹದಿನೇಳು ವರ್ಷದ ಹಿಂದೆ ನಾನು ಬಂದ ದಿನ, ಕುರ್ಚಿಯ ಹೆಡ್‌ಮಿಸ್ ಅರ್ಧ ಗಂಟೆ ಶಿಸ್ತಿನ ಬಗ್ಗೆ ಮಾತಾಡಿದರು. ಹೊರಗೆ ಬಂದಾಗ ಆಯಮ್ಮ ನನ್ನ ಕೈಗೆ ಎರಡು ಸೀಮೆಸುಣ್ಣ ಕೊಟ್ಟು, "ಅಳೋಕೆ ಜಾಗ ಬೇಕಾದ್ರೆ ಮೆಟ್ಟಿಲ ಕೆಳಗೆ ಮ್ಯಾಪ್ ರೂಮ್ ಇದೆ ಮಿಸ್. ಒಳಗಿಂದ ಚಿಲಕ ಇದೆ," ಅಂದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ನಾನ್ಯಾಕೆ ಅಳಲಿ ಅಂತ ಮುಖ ತಿರುಗಿಸಿದೆ. ಹನ್ನೊಂದೂವರೆಗೆಲ್ಲ ಸುತ್ತಿಟ್ಟ ಭೂಪಟಗಳ ನಡುವೆ ಕೂತು ಬಿಕ್ಕುತ್ತಿದ್ದೆ. ಅಲ್ಲಿ ಮೊಳೆಗೆ ನೇತುಹಾಕಿದ ಒಗೆದ ಕರವಸ್ತ್ರವೂ ಇತ್ತು. ಅವತ್ತಿನಿಂದ ನಾನು ಅವಳ ಮುಂದೆ ಜಂಬ ಮಾಡಿಲ್ಲ.

ಇಷ್ಟು ವರ್ಷ ಅವಳ ಮನೆಯ ವಿಷಯ ನಾನು ಕೇಳಿರಲಿಲ್ಲ. ಗಂಡ ತೀರಿಹೋಗಿದ್ದಾನೆ, ಒಬ್ಬಳೇ ಮಗಳಿದ್ದಾಳೆ, ಅಷ್ಟೇ ಗೊತ್ತಿತ್ತು. ಕೇಳಬೇಕು ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಈಗ ನಾಚಿಕೆಯಾಗುತ್ತದೆ.

ಈ ವರ್ಷ ಶಾಲೆ ತೆರೆಯುವುದಕ್ಕೆ ಮೂರು ದಿನ ಮುಂಚೆ ನಾವಿಬ್ಬರೂ ಒಂದನೇ ತರಗತಿಯ ಗೋಡೆಯಲ್ಲಿ ಬ್ಯಾಗು ನೇತುಹಾಕುವ ಕೊಕ್ಕೆಗಳ ಮೇಲೆ ಹೆಸರಿನ ಚೀಟಿ ಅಂಟಿಸುತ್ತಿದ್ದೆವು. ನಾನು ಪಟ್ಟಿ ನೋಡಿ ಬರೆಯುತ್ತಿದ್ದೆ, ಅವಳು ಗೋಂದು ಹಚ್ಚುತ್ತಿದ್ದಳು. ಅವಳಿಗೆ ಇದೇ ಕೊನೆಯ ವರ್ಷ, ಮಾರ್ಚಿಗೆ ನಿವೃತ್ತಿ. ಹತ್ತೊಂಬತ್ತನೆಯ ಚೀಟಿ ಹಿಡಿದುಕೊಂಡವಳು ಅಂಟಿಸಲೇ ಇಲ್ಲ. ಗೋಂದು ಬೆರಳ ಮೇಲೆ ಒಣಗುತ್ತಿತ್ತು.

"ಏನಾಯ್ತು ಆಯಮ್ಮ?"

"ಇದು ನನ್ನ ಮಗಳ ಮಗಳು, ಮಿಸ್."

ನನಗೆ ಖುಷಿಯೋ ಖುಷಿ. "ಅಯ್ಯೋ, ಮೊದಲೇ ಹೇಳೋದಲ್ವಾ! ಮನೇಲಿ ಅಜ್ಜಿ, ಸ್ಕೂಲಲ್ಲೂ ಅಜ್ಜಿ. ಇನ್ನೇನು, ರಾಣಿ ಹಾಗೆ ತಲೆ ಮೇಲೆ ಕೂತ್ಕೋತಾಳೆ," ಅಂದೆ.

"ನಾನೂ ಪಟ್ಟಿ ನೋಡೇ ತಿಳ್ಕೊಂಡಿದ್ದು," ಅಂದಳು. "ಮಗು ಹುಟ್ಟಿದಾಗ ಒಂದ್ಸಲ ನೋಡಿದ್ದೆ. ಆಮೇಲೆ ಇಲ್ಲ."

ನಂತರ ಅವಳು ಚಿಕ್ಕ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮೇಲಕ್ಕೆ ಬರುವ ಹಾಗೆ ಕೂತು ಹೇಳಿದ್ದನ್ನು ನಾನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ.

ಮಗಳಿಗೆ ಆರು ತುಂಬಿದಾಗ ಆಯಮ್ಮ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಆಗ ಈ ಶಾಲೆಯಲ್ಲಿ ಆಯಾಗಳ ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಬರೆದಿಟ್ಟ ನಿಯಮವೇನಲ್ಲ, ಸುಮ್ಮನೆ ಸೇರಿಸಿಕೊಳ್ಳುತ್ತಿರಲಿಲ್ಲ. ಇಂಥ ಬರೆಯದ ನಿಯಮಗಳನ್ನು ಮಾಡಿದವರ ಕಿವಿ ಹಿಂಡಬೇಕು ಅಂತ ನನಗೆ ಈಗಲೂ ಕೈ ತುರಿಸುತ್ತದೆ. ಮಗಳನ್ನು ಮನೆಯ ಹತ್ತಿರದ ಇನ್ನೊಂದು ಶಾಲೆಗೆ ಹಾಕಿದರು. ಎರಡೂ ಶಾಲೆ ತೆರೆದದ್ದು ಒಂದೇ ದಿನ. ಗಂಡನಿಗೆ ಬೆಳಗಿನ ಪಾಳಿ. ಆಯಮ್ಮ ಆರು ಗಂಟೆಗೆಲ್ಲ ಮಗಳಿಗೆ ಹೊಸ ಬಟ್ಟೆ ಹಾಕಿ, ಎರಡು ಜಡೆ ಹೆಣೆದು, ಆ ಶಾಲೆಯ ತನಕ ಕರೆದುಕೊಂಡು ಹೋದಳು. ಗೇಟಿಗೆ ಇನ್ನು ಹತ್ತು ಹೆಜ್ಜೆ ಇರುವಾಗ ಇವಳು ಹತ್ತಬೇಕಾದ ಬಸ್ಸು ಬಂತು.

"ಹೋಗು, ಗೇಟಲ್ಲಿ ಆಯಾ ಇರ್ತಾರೆ, ಕೈ ಹಿಡ್ಕೋತಾರೆ ಅಂದೆ ಮಿಸ್. ನಮ್ಮ ಗೇಟು ಆರೂವರೆಗೆ ತೆರೀತಿತ್ತಲ್ಲ. ಎಲ್ಲ ಸ್ಕೂಲಲ್ಲೂ ಹಾಗೇ, ಎಲ್ಲ ಗೇಟಲ್ಲೂ ನನ್ನಂಥವಳು ಒಬ್ಬಳು ಇದ್ದೇ ಇರ್ತಾಳೆ ಅಂದ್ಕೊಂಡಿದ್ದೆ. ಎಷ್ಟು ಪೆದ್ದಿ ನೋಡಿ. ಅವಳ ಕೈ ಬಿಟ್ಟು ಹೋಗಿ ಬಸ್ ಹತ್ತಿದೆ. ತಿರುಗಿ ನೋಡಲಿಲ್ಲ. ಬೇರೆಯವರಿಗೆ ಹೇಳಿ ಹೇಳಿ ಅದೇ ಸರಿ ಅಂತ ಆಗಿಹೋಗಿತ್ತು."

ಆ ಗೇಟಿಗೆ ಬೀಗ ಬಿದ್ದಿತ್ತು. ಅಲ್ಲಿ ಆಯಾ ಇರಲಿಲ್ಲ, ಕಾವಲುಗಾರನೂ ಇರಲಿಲ್ಲ. ಎಂಟೂಮುಕ್ಕಾಲಿಗೆ ಯಾರೋ ಬಂದು ಬೀಗ ತೆಗೆಯುವ ತನಕ, ಎರಡೂವರೆ ಗಂಟೆ, ಆ ಮಗು ಒಂದೇ ಕಡೆ ನಿಂತಿತ್ತು. ಅಮ್ಮ ಹೇಳಿದ ಆಯಾ ಬರುತ್ತಾಳೆ, ಬಂದಾಗ ತಾನು ಇಲ್ಲದಿದ್ದರೆ ಬೈಯುತ್ತಾಳೆ ಅಂತ ಅಲುಗಾಡಲಿಲ್ಲ. ನಿಂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಿತು. ಅದೇ ಬಟ್ಟೆಯಲ್ಲಿ ತರಗತಿಗೆ ಹೋಯಿತು. ಇಡೀ ವರ್ಷ ಮಕ್ಕಳು ಅವಳನ್ನು ಏನಂತ ಕರೆದರು ಅನ್ನುವುದನ್ನು ಆಯಮ್ಮ ನನಗೆ ಹೇಳಲಿಲ್ಲ.

ಇಷ್ಟೆಲ್ಲ ನಡೆದದ್ದು ಆಯಮ್ಮನಿಗೆ ಗೊತ್ತಾದದ್ದು ಇಪ್ಪತ್ತೊಂದು ವರ್ಷದ ನಂತರ. ಮೊಮ್ಮಗಳು ಹುಟ್ಟಿದಾಗ ಆಸ್ಪತ್ರೆಗೆ ಹೋಗಿ, "ನೀನು ಆರಾಮಾಗಿ ಕೆಲಸಕ್ಕೆ ಹೋಗು, ಮಗುನ ನಾನು ನೋಡ್ಕೋತೀನಿ" ಅಂದಳಂತೆ. ಮಗಳು ಹಾಸಿಗೆಯ ಮೇಲೆ ಎದ್ದು ಕೂತು, ದನಿ ಏರಿಸದೆ, ಮೊದಲಿನಿಂದ ಕೊನೆಯ ತನಕ ಹೇಳಿದಳಂತೆ. ಅಮ್ಮ ಸಂಜೆ ಬಂದು "ಆಯಾ ಚೆನ್ನಾಗಿದ್ರಾ?" ಅಂತ ಕೇಳಿದ್ದು, ತಾನು "ಹೂಂ" ಅಂದದ್ದು, ಅದನ್ನೂ. "ನಿನ್ನ ಕೈಗೆ ನನ್ನ ಮಗುನ ಕೊಡಲ್ಲ" ಅಂದಳಂತೆ.

ಚೀಟಿಯನ್ನು ಕೊಕ್ಕೆಯ ಮೇಲೆ ಒತ್ತಿ ಹಿಡಿದು ಆಯಮ್ಮ ಕೇಳಿದಳು: "ಸೋಮವಾರ ಕರ್ಕೊಂಡು ಬರ್ತಾಳೆ. ಗೇಟಲ್ಲಿ ನಾನೇ ಇರ್ತೀನಿ. ಕೈ ಕೊಡ್ತಾಳಾ ಮಿಸ್?"

ಕೊಡುತ್ತಾಳೆ, ಕೊಡದೆ ಏನು, ಹೆತ್ತ ಕರುಳಲ್ಲವಾ ಅಂತ ಏನೇನೋ ಒದರಿದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

ಸೋಮವಾರ ಎಂಟು ಗಂಟೆಗೆ ಬೀದಿ ತುಂಬಿತು. ನಾನೂ ಆಯಮ್ಮನ ಪಕ್ಕದಲ್ಲೇ ನಿಂತಿದ್ದೆ. ಕಾರು, ಸೈಕಲ್ಲು, ಹೊಸ ಬೂಟು, ಅಳು. ಎರಡನೇ ತರಗತಿಗೆ ಬಂದ ಹೊಸ ಟೀಚರಿಗೆ ಆಯಮ್ಮ ಸೀಮೆಸುಣ್ಣ ಕೊಟ್ಟು ಮ್ಯಾಪ್ ರೂಮಿನ ವಿಳಾಸ ಹೇಳಿದಳು. ಆ ಹುಡುಗಿಯೂ ನನ್ನ ಹಾಗೇ ಮೂಗು ಮುರಿದಳು. ಕೈಗಳು ಒಂದೊಂದಾಗಿ ಬಂದವು, ಒಳಗೆ ಹೋದವು. ಆದರೆ ಆಯಮ್ಮ ಅವತ್ತು ಯಾವ ತಾಯಿಗೂ ತನ್ನ ಮಾತು ಹೇಳಲಿಲ್ಲ. ಹೊರಟವರೆಲ್ಲ ಮೂರು ಹೆಜ್ಜೆಗೊಮ್ಮೆ ತಿರುಗಿದರು, ಮಕ್ಕಳೆಲ್ಲ ಗೋಳೋ ಎಂದರು. ಹೆಡ್‌ಮಿಸ್ ಕಿಟಕಿಯಿಂದ, "ಆಯಮ್ಮ, ಏನಿದು ಗಲಾಟೆ?" ಅಂತ ಕೂಗಿದರು. ಆಯಮ್ಮನ ಕಣ್ಣು ಬೀದಿಯ ತಿರುವಿನಲ್ಲೇ ನೆಟ್ಟಿತ್ತು.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಅವರು ಬಂದರು. ಮಗಳಿಗೆ ತಾಯಿಯದೇ ಗಲ್ಲ, ತಾಯಿಯದೇ ನಡಿಗೆ. ಮಗು ಕಣ್ಣರಳಿಸಿ ನನ್ನನ್ನು, ಗೇಟನ್ನು, ಏಪ್ರನ್ನಿನ ಜೇಬನ್ನು ನೋಡುತ್ತಿತ್ತು. ಆಯಮ್ಮ ಕೈ ಚಾಚಿದಳು.

ಮಗಳು ಮಗುವನ್ನು ಎರಡು ಹೆಜ್ಜೆ ಆಚೆ ನಿಲ್ಲಿಸಿ ತಾನೊಬ್ಬಳೇ ಹತ್ತಿರ ಬಂದಳು.

"ನಮ್ಮನೆ ಹತ್ರದ ಸ್ಕೂಲು ಮುಚ್ಚಿಹೋಯ್ತು. ಅದಕ್ಕೇ ಇಲ್ಲಿ," ಅಂದಳು. 'ಅಮ್ಮ' ಎಂಬ ಮಾತು ಎಲ್ಲೂ ಬರಲಿಲ್ಲ. "ನಿನ್ನ ಬಗ್ಗೆ ಊರೆಲ್ಲ ಹೊಗಳುತ್ತೆ. ಸುಳ್ಳಲ್ಲ ಅಂತ ನಂಗೂ ಗೊತ್ತು. ಎಲ್ಲ ಮಕ್ಕಳನ್ನೂ ನೋಡ್ಕೊಳ್ಳೋ ಹಾಗೆ ಇವಳನ್ನೂ ನೋಡ್ಕೋ. ಆದ್ರೆ ನೀನು ಯಾರು ಅಂತ ಇವಳಿಗೆ ಹೇಳಿಲ್ಲ. ನೀನೂ ಹೇಳ್ಬೇಡ. ಆಯಾ ಸಾಕು. ಅಜ್ಜಿ ಬೇಡ."

ನನ್ನ ನಾಲಗೆ ತುದಿಗೆ ಹತ್ತು ಮಾತು ಬಂದವು. ಆಯಮ್ಮ ನನ್ನ ಕಡೆ ಒಂದು ನೋಟ ಬೀರಿದಳು, ಬಾಯಿ ಮುಚ್ಚಿಕೊಂಡೆ.

"ಆಗ್ಲಿ," ಅಂದಳು ಆಯಮ್ಮ.

ಆಗ ಮಗಳು ಮಗುವನ್ನು ಕರೆದು, ಅದರ ಕೈಯನ್ನು ಆ ಕೈಯಲ್ಲಿ ಇಟ್ಟು ಹೊರಟುಹೋದಳು.

ಅವತ್ತು ಹೊತ್ತಿಗೆ ಸರಿಯಾಗಿ ಗಂಟೆ ಆಗಲಿಲ್ಲ. ಒಂಬತ್ತಾಯಿತು, ಒಂಬತ್ತೂ ಐದಾಯಿತು. ಕೊನೆಗೆ ಹೆಡ್‌ಮಿಸ್ ತಾವೇ ಬಂದು ಹೊಡೆದರು, ಹೊಡೆದು ಅಭ್ಯಾಸವಿಲ್ಲದೆ ಬೆರಳಿಗೆ ಪೆಟ್ಟು ಮಾಡಿಕೊಂಡರು. ಆಯಮ್ಮ ನನ್ನ ಒಂದನೇ ತರಗತಿಯ ಬಾಗಿಲ ಹೊರಗೆ ಒಂದು ಸ್ಟೂಲು ಹಾಕಿಕೊಂಡು ಕೂತಿದ್ದಳು. ಮೊದಲ ಪೀರಿಯಡ್ಡು, ಎರಡನೆಯದು, ಊಟ. ಹೆಡ್‌ಮಿಸ್ ಬಂದು, "ಏನು, ನಿಮ್ಮನ್ನೂ ಒಂದನೇ ಕ್ಲಾಸಿಗೆ ಸೇರಿಸ್ಕೊಳ್ಬೇಕಾ?" ಅಂತ ಕೇಳಿದರು. "ಇವತ್ತೊಂದಿನ ಬಿಟ್ಬಿಡಿ ಅಮ್ಮ," ಅಂದಳು. ಅವಳು ತನಗಾಗಿ ಏನಾದರೂ ಕೇಳಿಕೊಂಡದ್ದನ್ನು ಈ ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ. ಹೆಡ್‌ಮಿಸ್ ತಮ್ಮ ಕೋಣೆಗೆ ಹೋದರು. ಎರಡನೇ ತರಗತಿಯ ಹೊಸ ಟೀಚರು ಕೆಂಪು ಕಣ್ಣು ಮಾಡಿಕೊಂಡು ಮೆಟ್ಟಿಲ ಕೆಳಗಿನಿಂದ ಬಂದಾಗ ಕೂಡ ಆಯಮ್ಮ ಕೂತಲ್ಲಿಂದಲೇ ಒಂದು ಕರವಸ್ತ್ರ ಚಾಚಿದಳು, ಎದ್ದು ಹೋಗಲಿಲ್ಲ.

ಮಗು ಅಕ್ಷರ ತಿದ್ದುತ್ತಾ ಆಗಾಗ ತಲೆ ಎತ್ತಿ ಬಾಗಿಲು ನೋಡುತ್ತಿತ್ತು. ನೋಡಿದಾಗೆಲ್ಲ ಅವಳು ಅಲ್ಲೇ ಇದ್ದಳು. ನಾನು ಹಲಗೆಯ ಕಡೆ ತಿರುಗಿ ಒಂದೇ ಅಕ್ಷರವನ್ನು ನಾಲ್ಕು ಸಲ ಬರೆದೆ, ಮಕ್ಕಳಿಗೆ ನನ್ನ ಮುಖ ಕಾಣಬಾರದಿತ್ತು.

ಮೂರೂವರೆಗೆ ಶಾಲೆ ಬಿಟ್ಟಾಗ ಮಗಳು ಗೇಟಿನ ಹೊರಗೆ ನಿಂತಿದ್ದಳು. ಮಗು ಆಯಮ್ಮನ ಬೆರಳು ಹಿಡಿದೇ ಕುಣಿಯುತ್ತಾ ಹೋಯಿತು.

"ಅಮ್ಮಾ, ಈ ಆಯಮ್ಮ ಇಡೀ ದಿನ ಬಾಗಿಲಲ್ಲೇ ಕೂತಿದ್ರು! ನಾನು ಯಾವಾಗ ನೋಡಿದ್ರೂ ಇದ್ರು. ಒಂದ್ಸಲಾನೂ ನನ್ನ ಬಿಟ್ಟು ಹೋಗ್ಲಿಲ್ಲ!"

ಮಗಳು ಬಗ್ಗಿ ಮಗುವಿನ ಬೂಟಿನ ಲೇಸು ಕಟ್ಟತೊಡಗಿದಳು. ಅದು ಬಿಚ್ಚಿರಲಿಲ್ಲ. ತುಂಬ ಹೊತ್ತು ಕಟ್ಟಿದಳು. ಎದ್ದಾಗ ತಾಯಿಯ ಮುಖ ನೋಡದೆ ಮಗುವಿನ ಕೆನ್ನೆ ಸವರಿ, "ನೀನು ಪುಣ್ಯ ಮಾಡಿದ್ದೆ ಬಿಡು, ಪುಟ್ಟಿ," ಅಂದಳು.

ಆಯಮ್ಮ ಮಗುವಿನ ಬೆರಳು ಬಿಡಿಸಿ ಮಗಳ ಕೈಗೆ ಕೊಟ್ಟಳು. ಅವರಿಬ್ಬರೂ ರಸ್ತೆ ದಾಟಿದರು, ಇನ್ನೊಬ್ಬ ತಾಯಿ ಬಂದು ತನ್ನ ಮಗಳ ಕೊಡೆ ಎಲ್ಲಿ ಅಂತ ಕೇಳಿದಳು, ಆಯಮ್ಮ ಹುಡುಕಲು ಒಳಗೆ ಹೋದಳು.